ನಾನು ಹತ್ತದ ಟ್ಯಾಕ್ಸಿ

ಇಂಥ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಮ್ಮ ಮನೆಯಲ್ಲಿ ದೆವ್ವ, ಆತ್ಮ, ಶಕುನಗಳ ಮಾತಿಗೆ ಜಾಗವಿರಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟವೊಂದನ್ನು ಬಿಟ್ಟು ಬೇರೇನನ್ನೂ ತೂಗುಹಾಕಲು ನಮ್ಮ ತಂದೆ ಬಿಡುತ್ತಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಕೂಡ ಒಮ್ಮೆ ವಿಚಾರಿಸಿಯೇ ನಂಬು ಎನ್ನುತ್ತಿದ್ದರು. ಆಮೇಲೆ ನಾನು ಸೇರಿದ ಕೆಲಸವೂ ಅದೇ ಜಾತಿಯದು. ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ನನ್ನ ಇಡೀ ಸರ್ವೀಸು ಕಳೆಯಿತು. ಸೈರನ್ ಕೂಗುವ ಮೊದಲು ಗೇಟು ದಾಟಿದವನು ಬಂದಿದ್ದಾನೆ, ದಾಟದವನು ಬಂದಿಲ್ಲ. ಒಬ್ಬ ಮನುಷ್ಯ ಒಂದು ಹೊತ್ತಿನಲ್ಲಿ ಒಂದೇ ಕಡೆ ಇರುತ್ತಾನೆ ಎಂಬ ನಂಬಿಕೆಯ ಮೇಲೆಯೇ ನಮ್ಮ ಆಫೀಸು ನಿಂತಿತ್ತು.

ಈಗ ಬರೆಯುತ್ತಿರುವುದು ಆ ನಂಬಿಕೆಗೆ ವಿರುದ್ಧವಾದ ಸಂಗತಿ. ನೀವು ಒಪ್ಪಬೇಕೆಂಬ ಒತ್ತಾಯವಿಲ್ಲ. ನೀನು ಒಪ್ಪಿದ್ದೀಯಾ ಎಂದು ನನ್ನನ್ನು ಕೇಳಿದರೆ ನೇರ ಉತ್ತರ ಕೊಡಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಅಕ್ಕ ಕೆ.ಆರ್. ಪುರದಲ್ಲಿ ಮಗಳು ಸುಜಾತಳ ಜೊತೆ ಇದ್ದಳು. ನಮ್ಮ ತಾಯಿ ಬೇಗ ತೀರಿಹೋದದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಎದ್ದ ಕೂಡಲೆ ಹಾಸಿಗೆ ಮಡಚಿಡುವುದರಿಂದ ಹಿಡಿದು ಮಲಗುವ ಮುಂಚೆ ಚಪ್ಪಲಿ ಜೋಡಿಸಿಡುವ ತನಕ ನನ್ನ ಶಿಸ್ತೆಲ್ಲ ಅವಳು ಕಲಿಸಿದ್ದು. ಎರಡು ವರ್ಷದ ಹಿಂದೆ ಅವಳಿಗೆ ಹೃದಯದ ಆಪರೇಷನ್ ಆಗಬೇಕೆಂದು ತೀರ್ಮಾನವಾಗಿ ಇಂದಿರಾನಗರದ ಒಂದು ಆಸ್ಪತ್ರೆಗೆ ಸೇರಿಸಿದರು. ಆಪರೇಷನ್‌ನ ಹಿಂದಿನ ಸಂಜೆ ಅವಳೇ ಫೋನ್ ಮಾಡಿದಳು.

"ನಾಳೆ ನನ್ನ ಒಳಗೆ ಕರ್ಕೊಂಡ್ ಹೋಗೋಕ್ ಮುಂಚೆ ಬಾರೋ. ಒಂದ್ ಮಾತಿದೆ."

"ಈಗ್ಲೇ ಹೇಳಕ್ಕಾ."

"ಫೋನಲ್ಲಿ ಹೇಳೋ ಅಂಥದ್ದಲ್ಲ. ನಿನ್ ಮುಖ ನೋಡ್ಕೊಂಡ್ ಹೇಳ್ಬೇಕು. ತುಂಬಾ ವರ್ಷದಿಂದ ಇಟ್ಕೊಂಡಿದೀನಿ."

"ಹಾಗಾದ್ರೆ ಈಗ ಹೊರಟು ಬರ್ತೀನಿ."

"ವಿಸಿಟಿಂಗ್ ಟೈಮ್ ಮುಗೀತು. ಊರಿಗೆಲ್ಲಾ ರೂಲ್ಸ್ ಹೇಳೋನು ನೀನು, ನಿನ್ನನ್ನ ಒಳಗೆ ಬಿಡ್ತಾರಾ? ನಾಳೆ ಬಾ. ಎಂಟಕ್ಕೆ ಕರ್ಕೊಂಡ್ ಹೋಗ್ತಾರಂತೆ." ನಗುತ್ತಲೇ ಫೋನ್ ಇಟ್ಟಳು.

ಸರ್ವಜ್ಞನಗರದ ನನ್ನ ಮನೆಯಿಂದ ಇಂದಿರಾನಗರ ದೂರವೇನಲ್ಲ. ಕಷ್ಟವಿರುವುದೇ ಅಲ್ಲಿ. ದೂರದ ಬಾಡಿಗೆಯಾದರೆ ಟ್ಯಾಕ್ಸಿಯವರು ಬರುತ್ತಾರೆ, ಹತ್ತಿರಕ್ಕೆ ಬರುವುದಿಲ್ಲ. ಬರುವುದಿಲ್ಲ ಎಂದು ಹೇಳುವುದೂ ಇಲ್ಲ. ಬುಕಿಂಗ್ ಒಪ್ಪಿಕೊಳ್ಳುತ್ತಾರೆ, ಫೋನ್ ಮಾಡಿ "ಎಲ್ಲಿಗ್ ಸಾರ್, ಕ್ಯಾಶಾ ಆನ್‌ಲೈನಾ" ಎಂದು ವಿಚಾರಿಸುತ್ತಾರೆ, ಆಮೇಲೆ ಎಲ್ಲೋ ನೆರಳಿನಲ್ಲಿ ಗಾಡಿ ನಿಲ್ಲಿಸಿ ನಾವೇ ಬೇಸತ್ತು ರದ್ದು ಮಾಡಲಿ ಎಂದು ಕಾಯುತ್ತಾರೆ. ಫೋನಿನ ನಕ್ಷೆಯಲ್ಲಿ ಆ ಪುಟ್ಟ ಕಾರು ಒಂದೇ ಕಡೆ ನಿಂತಿರುವುದನ್ನು ನೋಡಿದಾಗ ಬರುವಷ್ಟು ಸಿಟ್ಟು ನನಗೆ ಬೇರೆ ಯಾವುದರಿಂದಲೂ ಬರುತ್ತಿರಲಿಲ್ಲ. ಇನ್ನು ಕೆಲವರದು ಬೇರೆ ಉಪಾಯ: ಪ್ರಯಾಣಿಕ ಹತ್ತದೆಯೇ ಟ್ರಿಪ್ ಶುರುವಾಗಿದೆ ಎಂದು ತೋರಿಸುತ್ತಾರೆಂದು ನೆರೆಯವರಿಂದ ಕೇಳಿದ್ದೆ. ನಮ್ಮ ಫೋನಿಗೆ ಬರುವ ಓಟಿಪಿ ನಂಬರು ಹೇಳದೆ ಅದು ಹೇಗಾಗುತ್ತದೆ ಎಂದು ವಾದಿಸಿದ್ದೆ ಕೂಡ.

ಆ ಬೆಳಿಗ್ಗೆ ಏಳಕ್ಕೆಲ್ಲ ನಾನು ಗೇಟಿನಲ್ಲಿ ನಿಂತಿದ್ದೆ. ಮೊದಲನೆಯವನು ಇಂದಿರಾನಗರದ ಹೆಸರು ಕೇಳಿದ ಕೂಡಲೆ, "ಅಲ್ಲಿ ಫುಲ್ ಜಾಮ್ ಸಾರ್, ನೀವೇ ಕ್ಯಾನ್ಸಲ್ ಮಾಡ್ಕೊಳ್ಳಿ" ಎಂದ. ಎರಡನೆಯವನು ಕಮ್ಮನಹಳ್ಳಿಯಲ್ಲೇ ನಿಂತಿದ್ದ. ಫೋನ್ ಮಾಡಿದರೆ, "ಟೀ ಕುಡೀತಾ ಇದೀನಿ ಸಾರ್, ಟೀ ಕುಡಿಯೋದು ತಪ್ಪಾ?" ಎಂದು ನನ್ನನ್ನೇ ಕೇಳಿದ. ತಪ್ಪಲ್ಲ, ಬುಕಿಂಗ್ ಒಪ್ಪಿಕೊಂಡು ಕುಡಿಯುವುದು ತಪ್ಪು ಎಂದೆ. ಅವನು ಫೋನ್ ಕಟ್ ಮಾಡಿದ. ಮೂರನೆಯ ಸಲ ಶರಣಪ್ಪ ಎಂಬ ಹೆಸರು ಬಂತು. ಇವನು ಏನೂ ಕೇಳಲಿಲ್ಲ. ನಕ್ಷೆಯಲ್ಲಿ ಕಾರು ಲಿಂಗರಾಜಪುರದ ಕಡೆಯಿಂದ ಸೀದಾ ನಮ್ಮ ರಸ್ತೆಗೆ ತಿರುಗಿತು, ಗೇಟಿನ ಮುಂದೆ ಬಂದು ನಿಂತಿತು.

ನಕ್ಷೆಯಲ್ಲಿ ನಿಂತಿತು ಎಂದೆ. ನಾನು ತಲೆಯೆತ್ತಿ ನೋಡಿದರೆ ರಸ್ತೆಯಲ್ಲಿ ಕಾರಿಲ್ಲ. ಎದುರಿನ ಬೇಕರಿಯವನು ಶಟರ್ ಎತ್ತುತ್ತಿದ್ದ. ಚರ್ಚಿಗೆ ಹೋಗುವ ಇಬ್ಬರು ಹೆಂಗಸರು ದಾಟಿಹೋದರು. ಆಚೀಚೆ ನೋಡಿ ಮತ್ತೆ ಫೋನಿಗೆ ಕಣ್ಣು ಹಾಕುವಷ್ಟರಲ್ಲಿ ನಿಮ್ಮ ಪ್ರಯಾಣ ಆರಂಭವಾಗಿದೆ ಎಂಬ ಸಂದೇಶ ಬಂದಿತ್ತು. ನಂಬರು ನಾನು ಯಾರಿಗೂ ಹೇಳಿರಲಿಲ್ಲ. ಪುಟ್ಟ ಕಾರು ನನ್ನ ಗೇಟನ್ನು ಬಿಟ್ಟು ಹೊರಟೇಹೋಯಿತು.

ಶರಣಪ್ಪನಿಗೆ ಮೇಲಿಂದ ಮೇಲೆ ಫೋನ್ ಮಾಡಿದೆ. ಎತ್ತಲಿಲ್ಲ. ಶುರುವಾದ ಟ್ರಿಪ್ಪನ್ನು ರದ್ದು ಮಾಡಲು ಬರುವುದಿಲ್ಲ, ಅದು ಮುಗಿಯುವ ತನಕ ಇನ್ನೊಂದು ಗಾಡಿ ಕರೆಯಲೂ ಬರುವುದಿಲ್ಲ. ಆಟೊಗಳಿಗೆ ಕೈ ಅಡ್ಡ ಹಿಡಿಯುತ್ತಾ ಮಂಡಿನೋವಿನ ಕಾಲನ್ನು ಎಳೆದುಕೊಂಡು ಮುಖ್ಯರಸ್ತೆಗೆ ನಡೆದೆ. ಹಲಸೂರಿನ ತನಕ ಮಾತ್ರ ಬರುತ್ತೇನೆಂದು ಕೊನೆಗೊಬ್ಬ ಒಪ್ಪಿದ. ಅವನ ಆಟೊದಲ್ಲಿ ಕುಳಿತು, ನಾನಿಲ್ಲದ ನನ್ನ ಟ್ಯಾಕ್ಸಿ ಹಲಸೂರು ಕೆರೆಯನ್ನು ಬಳಸಿ, ಸಿಗ್ನಲ್ ದಾಟಿ, ಎಲ್ಲೂ ಅಡ್ಡದಾರಿ ಹಿಡಿಯದೆ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತದ್ದನ್ನು ಫೋನಿನಲ್ಲಿ ನೋಡಿದೆ. ಸುಳ್ಳು ಟ್ರಿಪ್ಪಿಗಾಗಿ ಅಷ್ಟು ದೂರ ಯಾಕೆ ಹೋದನೆಂದು ಆಗ ಯೋಚಿಸಲಿಲ್ಲ. ಆಟೊದಲ್ಲಿ ಕುಳಿತೇ ಟ್ಯಾಕ್ಸಿ ಕಂಪನಿಗೆ ದೂರು ಬರೆದೆ. ಮೋಸಗಾರ, ಇಂಥವನನ್ನು ರಸ್ತೆಗೆ ಬಿಡಬಾರದು ಎಂಬ ಅರ್ಥದ ಮಾತು ಅದರಲ್ಲಿತ್ತು.

ಹಲಸೂರಿನಲ್ಲಿ ಇಳಿದು ಇನ್ನೊಂದು ಆಟೊ ಹಿಡಿದು ತಲುಪುವಾಗ ಎಂಟು ದಾಟಿತ್ತು. ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಸುಜಾತಾ ಒಬ್ಬಳೇ ಕುಳಿತಿದ್ದಳು.

"ಎಲ್ಲಿಗ್ ಹೋಗ್ಬಿಟ್ರಿ ಮಾವ? ಕಾಫಿಗಾ?"

"ಈಗ ಬರ್ತಾ ಇದೀನಿ ಕಣಮ್ಮ. ಆ ಡ್ರೈವರ್ ಕೈ ಕೊಟ್ಟ. ಅಕ್ಕನ್ನ ಕರ್ಕೊಂಡ್ ಹೋದ್ರಾ?"

"ಈಗ ಬಂದ್ರಾ?" ಅವಳು ನನ್ನ ಮುಖವನ್ನೇ ನೋಡಿದಳು. "ಅಮ್ಮನ ಹತ್ರ ಕೂತಿದ್ರಲ್ಲ ಮಾವ."

"ನೀನು ನೋಡಿದ್ಯಾ?"

"ನಾನ್ ಔಷಧಿ ತರೋಕೆ ಕೆಳಗೆ ಹೋಗಿದ್ದೆ. ಮೇಲೆ ಬಂದಾಗ ಅಮ್ಮನ್ನ ಟ್ರಾಲಿಗೆ ಹಾಕ್ತಾ ಇದ್ರು. ನಗ್ತಾ ಇದ್ಲು. 'ನಿಮ್ಮಾವ ಬಂದಿದ್ದ. ಹೇಳೋದೆಲ್ಲ ಹೇಳ್ಬಿಟ್ಟೆ, ಅವ್ನೂ ಒಪ್ಕೊಂಡ. ಇನ್ನು ನಂಗೇನೂ ಭಾರ ಇಲ್ಲ' ಅಂದ್ಲು."

ಮಂಪರು ಬರುವ ಇಂಜೆಕ್ಷನ್ ಕೊಟ್ಟಿರುತ್ತಾರೆ, ಅದರಲ್ಲಿ ಏನೋ ಕಂಡಿರುತ್ತದೆ ಎಂದು ಅವಳಿಗೂ ನನಗೂ ಸಮಾಧಾನ ಹೇಳಿಕೊಂಡೆ. ಅಕ್ಕನ ಸಾಮಾನು ತರಲು ಇಬ್ಬರೂ ಅವಳಿದ್ದ ರೂಮಿಗೆ ಹೋದೆವು. ಅಲ್ಲಿ ಕುರ್ಚಿಯೊಂದು ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ತುರುಕಿದಂತಿತ್ತು. ಈ ಕಡೆ ಬೇಕಾದಷ್ಟು ಜಾಗವಿದ್ದರೂ ಯಾರೋ ಕಷ್ಟಪಟ್ಟು ಅದನ್ನು ಆ ಕಡೆಗೆ ಒಯ್ದಿದ್ದರು. ಅಕ್ಕನಿಗೆ ಚಿಕ್ಕಂದಿನಿಂದ ಬಲಗಿವಿ ಕೇಳಿಸುತ್ತಿರಲಿಲ್ಲ. ಅವಳೊಡನೆ ಮಾತಾಡಬೇಕಾದರೆ ನಾವು ಮನೆಯವರು ಎಡಕ್ಕೆ ಕೂರುತ್ತಿದ್ದೆವು. ಆ ಸಂದಿ ಅವಳ ಎಡಕ್ಕಿತ್ತು. ನರ್ಸಮ್ಮನನ್ನು ಕೇಳಿದರೆ, "ನಾನ್ ಹಾಕಿಲ್ಲ ಸಾರ್, ಅಲ್ಲಿ ಚೇರ್ ಇದ್ರೆ ನಮ್ಗೇ ತೊಂದ್ರೆ" ಎಂದರು. ಸುಜಾತಾ ಕುರ್ಚಿಯನ್ನು ಎಳೆದು ಈ ಕಡೆ ಇಟ್ಟಳು.

ಅಕ್ಕ ಮತ್ತೆ ಕಣ್ಣು ಬಿಡಲಿಲ್ಲ. ಆಪರೇಷನ್ ಆದಮೇಲೆ ಎರಡು ದಿನ ಇದ್ದಳು. ಗಾಜಿನ ಆಚೆಯಿಂದ ಅವಳನ್ನು ನೋಡುತ್ತಾ ನಿಂತಿರುವುದಷ್ಟೇ ನನಗೆ ಉಳಿದದ್ದು. ಕೆ.ಆರ್. ಪುರದ ಮನೆಯ ಮುಂದೆ ಬುದ್ಧಂ ಶರಣಂ ಎಂದು ತ್ರಿಶರಣ ಹೇಳಿ ಅವಳನ್ನು ಕಳಿಸಿಕೊಟ್ಟೆವು. ಕೆಲಸಗಳನ್ನೆಲ್ಲ ನಾನೇ ಮುಂದೆ ನಿಂತು ಅಚ್ಚುಕಟ್ಟಾಗಿ ಮಾಡಿಸಿದೆ. ಅಳುವುದಕ್ಕೆ ಹೊತ್ತಿರಲಿಲ್ಲ ಎನ್ನಬೇಕೋ, ಅಳು ಬರಲಿಲ್ಲ ಎನ್ನಬೇಕೋ ತಿಳಿಯದು. ಅವಳು ನನಗೆ ಹೇಳಬೇಕೆಂದಿದ್ದದ್ದು ಏನಿರಬಹುದೆಂದು ಸುಜಾತಳನ್ನು ಕೇಳಿದೆ. "ನಂಗೂ ಹೇಳಿಲ್ಲ ಮಾವ. ಅದು ನಿಮ್ಗೇ ಅಂತ ಇಟ್ಕೊಂಡಿದ್ಲು" ಎಂದಳು.

ಒಂದು ತಿಂಗಳು ಕಳೆದಿರಬೇಕು. ಬೆಳಿಗ್ಗೆ ಗಿಡಗಳಿಗೆ ನೀರು ಹಾಕುತ್ತಿದ್ದೆ. ಸಣಕಲು ಮೈಯ ಯುವಕನೊಬ್ಬ ಗೇಟಿನ ಹೊರಗೆ ನಿಂತು ಕೈ ಮುಗಿದ.

"ಸರ, ನನ್ನ ಗುರ್ತು ಸಿಕ್ತೇನ್ರಿ?"

"ಇಲ್ಲ. ಯಾರಪ್ಪ?"

"ನಾ ಶರಣಪ್ಪ ರೀ. ಅವತ್ತ ನಿಮ್ಮನ್ನ ದವಾಖಾನಿಗೆ ಬಿಟ್ಟಿದ್ನಲ್ರಿ. ನನ್ನ ಮ್ಯಾಲ ಕಂಪ್ಲೇಂಟ್ ಯಾಕ ಕೊಟ್ರಿ ಸರ? ಕಂಪ್ನಿಯವ್ರು ಐಡಿ ಬಂದ್ ಮಾಡ್ಯಾರ. ಗಾಡಿ ಮಾಲಕ ಚಾವಿ ಇಸ್ಕೊಂಡಾನ."

ಸಿಟ್ಟು ಮತ್ತೆ ಕೆರಳಿತು. ನಾನು ನಿನ್ನ ಗಾಡಿಯನ್ನು ಹತ್ತಲೇ ಇಲ್ಲ, ಯಾರಿಗೆ ಹೇಳುತ್ತೀಯ ಎಂದೆ. ಅವನಿಗೆ ಸಿಟ್ಟು ಬರಲಿಲ್ಲ. ಗೇಟಿನ ಸರಳುಗಳ ನಡುವಿನಿಂದ ನನ್ನ ಮುಖವನ್ನು ಚೆನ್ನಾಗಿ ನೋಡಿದ.

"ಹಂಗಂದ್ರ ಹ್ಯಾಂಗ್ರಿ ಸರ? ಈಗ ನಿಂತೀರಲ್ಲ, ಇಲ್ಲೇ ನಿಂತಿದ್ರಿ. ನಂಬರ್ ನೀವೇ ಹೇಳಿದ್ರಿ. ಹಾದಿ ತುಂಬ ಒಂದ್ ಮಾತಾಡ್ಲಿಲ್ಲ. ನಾ ಕನ್ನಡ್ಯಾಗ ನೋಡಿದ್ನಿ, ಅಳಾಕತ್ತಿದ್ರಿ. ಅದಕ್ಕ ನಾ ಫೋನ್ ಬಂದ್ರೂ ಎತ್ತಲಿಲ್ಲ, ಲಗೂನ ಮುಟ್ಟಿಸ್ಬೇಕು ಅಂತ ಹೊಡ್ದೆ. ಇಳಿಯೋ ಮುಂದ ನನ್ನ ಹೆಗಲ ಮ್ಯಾಲ ಕೈ ಇಟ್ರಿ. 'ಸರಿಯಾದ ಟೈಮಿಗೆ ತಂದ್ಬಿಟ್ಟೆ ಕಣಪ್ಪ, ನಿನ್ನ ಮರೆಯಲ್ಲ' ಅಂದ್ರಿ. ಮರೀದಿಲ್ಲ ಅಂದವ್ರು ಹಿಂಗ ಮಾಡೋದೇನ್ರಿ?"

ಪೈಪಿನ ನೀರು ನನ್ನ ಕಾಲ ಮೇಲೆಯೇ ಹರಿಯುತ್ತಿತ್ತು. ಸುಳ್ಳು ಹೇಳುವವರ ಮುಖಗಳನ್ನು ನಾನು ಸರ್ವೀಸಿನುದ್ದಕ್ಕೂ ಗೇಟಿನ ಈ ಬದಿಯಿಂದಲೇ ನೋಡಿದವನು. ಆ ಹುಡುಗನ ಮುಖದಲ್ಲಿದ್ದದ್ದು ಸುಳ್ಳಲ್ಲ, ಬೇಸರ. ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟೆ. ಅವನೆದುರಿಗೇ ಕಂಪನಿಗೆ ಬರೆದೆ: ದೂರು ತಪ್ಪು ತಿಳುವಳಿಕೆಯಿಂದ ಕೊಟ್ಟದ್ದು, ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದು. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂಬ ಉತ್ತರ ಕೂಡಲೆ ಬಂತು, ಮೊದಲಿನ ದೂರಿಗೆ ಬಂದಿದ್ದ ಉತ್ತರವೇ. ಶರಣಪ್ಪ ಅದನ್ನು ಓದಿ ಸಣ್ಣಗೆ ನಕ್ಕು, "ಆಯ್ತ್ರಿ ಸರ, ಅವತ್ತ ದವಾಖಾನ್ಯಾಗಿದ್ದವ್ರು ಆರಾಮ ಅದಾರಲ್ರಿ?" ಎಂದು ಕೇಳಿದ. ಇಲ್ಲ ಎಂದೆ. ಅವನು ಕಪ್ಪು ಕೆಳಗಿಟ್ಟು, ಕೈ ಮುಗಿದು ಹೋದ. ಕೆಲವು ವಾರಗಳ ಮೇಲೆ, ಲಿಂಗರಾಜಪುರದಲ್ಲಿ ಅವನು ಹೇಳಿದ್ದ ಬಾಡಿಗೆ ರೂಮನ್ನು ಹುಡುಕಿಕೊಂಡು ಹೋದೆ. ಅವನು ರಾಯಚೂರಿನ ಕಡೆ ತನ್ನ ಊರಿಗೆ ವಾಪಸು ಹೋದನೆಂದೂ ಬರುವುದು ಗೊತ್ತಿಲ್ಲವೆಂದೂ ಜೊತೆಯವರು ಹೇಳಿದರು. ನನ್ನಿಂದಾಗಿ ಹೋದನೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ವಿಚಾರಿಸುವಷ್ಟು ವಿಚಾರಿಸಿದ್ದೇನೆ. ಆಸ್ಪತ್ರೆಯ ಕ್ಯಾಮರಾ ನೋಡಬಹುದೇ ಎಂದರೆ ಪೊಲೀಸ್ ಕಂಪ್ಲೇಂಟ್ ಬೇಕೆಂದರು. ಏನೆಂದು ಕಂಪ್ಲೇಂಟ್ ಕೊಡಲಿ? ನನ್ನ ಅಕ್ಕನನ್ನು ನೋಡಲು ನಾನು ಬಂದಿದ್ದೆ ಎಂದೇ? ಫೋನಿನ ವಿಷಯ ಬಲ್ಲವರನ್ನು ಕೇಳಿದೆ. ನಕ್ಷೆ ತಪ್ಪು ತೋರಿಸುವುದುಂಟು, ಆದರೆ ನಂಬರಿಲ್ಲದೆ ಟ್ರಿಪ್ ಶುರುವಾಗುವುದು ಕಷ್ಟ ಎಂದರು. ನನ್ನನ್ನು ಹೋಲುವವನು ಯಾರೋ ಹತ್ತಿರಬಹುದು. ಇಂಜೆಕ್ಷನ್ನಿನ ಮತ್ತಿನಲ್ಲಿ ಅಕ್ಕನಿಗೆ ನಾನು ಕಂಡಿರಬಹುದು. ಕಸ ಗುಡಿಸುವವರು ಕುರ್ಚಿಯನ್ನು ಆ ಕಡೆ ಸರಿಸಿರಬಹುದು. ಒಂದೊಂದಕ್ಕೂ ಒಂದೊಂದು ಕಾರಣವಿದೆ. ಮೂರೂ ಒಂದೇ ಬೆಳಿಗ್ಗೆ ಯಾಕೆ ಕೂಡಿದವು ಎಂಬುದಕ್ಕೆ ನನ್ನಲ್ಲಿ ಕಾರಣವಿಲ್ಲ.

ಪಾರ್ಕಿನಲ್ಲಿ ನನ್ನ ಜೊತೆ ವಾಕಿಂಗ್ ಮಾಡುವ, ಶಿವಾಜಿನಗರದಲ್ಲಿ ಅಂಗಡಿ ಇಟ್ಟಿದ್ದ ಬಾಷಾ ಸಾಹೇಬರಿಗೆ ಮಾತ್ರ ಇದನ್ನೆಲ್ಲ ಹೇಳಿದ್ದೆ. ನಾನು ಮಂಕಾಗಿ ಕುಳಿತದ್ದನ್ನು ನೋಡಲಾರದೆ, "ಏನ್ ಸಾರ್, ನಿಮ್ ಡೂಪ್ಲಿಕೇಟು ನಿಮ್ಗಿಂತ ಪಂಕ್ಚುಯಲ್ ಅವ್ನೆ. ಇನ್ಮೇಲೆ ಬ್ಯಾಂಕ್‌ಗೂ ಅವನ್ನೇ ಕಳ್ಸಿ" ಎಂದರು. ನಾನೂ ನಕ್ಕೆ. ಸ್ವಲ್ಪ ದೂರ ನಡೆದ ಮೇಲೆ ಅವರೇ ನಿಂತು, "ಹೋಗ್ಲಿ ಬಿಡಿ ಸಾರ್, ಅಕ್ಕ ನಿಮ್ ಮುಖ ನೋಡ್ಕೊಂಡೇ ಹೋದ್ರಲ್ಲ. ಅವ್ರಿಗೆ ಅಷ್ಟ್ ಸಾಕು" ಎಂದರು.

ಅವಳಿಗೆ ಸಾಕಾಗಿತ್ತು, ನಿಜ. ಅದರಲ್ಲಿ ನನಗೆ ಸಮಾಧಾನವಿದೆ. ನನ್ನ ಜಾಗದಲ್ಲಿ ಯಾರೋ ಹೋಗಿ ಕುಳಿತರೆಂಬ ಭಯವೂ ಈಗಿಲ್ಲ, ಸಿಟ್ಟೂ ಇಲ್ಲ. ಹೋದವನು ಅಕ್ಕನ ಎಡಕ್ಕೆ ಕುಳಿತ, ಅವಳು ಅಷ್ಟು ವರ್ಷ ಇಟ್ಟುಕೊಂಡಿದ್ದನ್ನು ಕೇಳಿಸಿಕೊಂಡ, ಒಪ್ಪಿಕೊಂಡ. ಏನನ್ನು ಒಪ್ಪಿಕೊಂಡನೆಂದು ನನಗೆ ಬಂದು ಹೇಳಲಿಲ್ಲ.