ನಿಬ್ಬಿನ ಬಂಗಾರ ಕೇಳಿಕೊಂಡು ಬಂದವರು

ಗೆಳೆಯರೇ, ಇವತ್ತು ಸೊರಬದಲ್ಲಿ ವಾಚ್ ರಿಪೇರಿ ಮಾಡುವ ಪರಿಚಯದವರು ನನ್ನ ಕೈಗೊಂದು ಹಳೆಯ ಇಂಕ್ ಪೆನ್ನು ಕೊಟ್ಟರು. "ನಿಮಗೆ ಪೆನ್ನಿನ ಹುಚ್ಚು ಇದೆಯಲ್ರೀ, ಇದು ಬಂಗಾರದ್ದೋ ಅಲ್ವೋ ನೋಡಿ ಹೇಳಿ."

ಭೂತಗನ್ನಡಿ ಹಿಡಿದೆ. ಮುಚ್ಚಳದ ಕ್ಲಿಪ್ಪಿನ ಮೇಲೆ ‘ರೋಲ್ಡ್ ಗೋಲ್ಡ್’ ಎಂದಿತ್ತು, ಅಂದರೆ ಬರೀ ಮೇಲುಹೊದಿಕೆ. ನಿಬ್ಬಿನ ಮೇಲೆ ಮಾತ್ರ 14ಕೆ, 585 ಎಂಬ ಗುರುತಿತ್ತು. ಹದಿನಾಲ್ಕು ಕ್ಯಾರೆಟ್ಟಿನ ನಿಜವಾದ ಬಂಗಾರ.

ಹೇಳುವ ಮೊದಲು ಪೆನ್ನನ್ನು ಇನ್ನೊಮ್ಮೆ ತಿರುಗಿಸಿ ನೋಡಿದೆ. ಕ್ಲಿಪ್ಪಿನ ಕೆಳಗೆ ಸೂಜಿಯಿಂದ ಗೀಚಿದ ‘ಅಜ’ ಎಂಬ ಎರಡು ಅಕ್ಷರಗಳು ಕಂಡವು. ಒತ್ತಕ್ಷರ ಬರದ ವಯಸ್ಸಿನಲ್ಲಿ ‘ಅಜ್ಜ’ ಎಂದು ಬರೆಯಲು ಹೋಗಿ ಹಾಗೆ ಗೀಚಿದವನು ನಾನೇ. ತೊಗರ್ಸಿಯ ನಮ್ಮ ಹೊಲದಲ್ಲಿ ಅಜ್ಜನನ್ನು ಮಣ್ಣು ಮಾಡುವಾಗ ಆ ಪೆನ್ನನ್ನು ಅವನ ಜೇಬಿಗೆ ಸಿಕ್ಕಿಸಿದವನೂ ನಾನೇ.

"ಇದನ್ನ ಯಾರು ಕೊಟ್ರು?"

"ಬೆಳಿಗ್ಗೆ ಒಬ್ರು ವಯಸ್ಸಾದವರು ಬಂದಿದ್ರು ರೀ. ನಿಬ್ಬಿನ ತುಂಬ ಮಣ್ಣು ಮೆತ್ಕಂಡಿತ್ತು, ನಾನೇ ತೊಳ್ದೆ. ಸಂಜೆ ಬರ್ತಾರೆ. ನೋಡಕ್ಕೆ ನಿಮ್ ಥರಾನೇ ಇದಾರೆ."

"ನಿಬ್ಬು ಬಂಗಾರದ್ದೇ ಅಂತ ಹೇಳಿಬಿಡಿ" ಎಂದವನೇ ಸಿಕ್ಕ ಬಸ್ಸು ಹತ್ತಿ ಊರಿಗೆ ಬಂದೆ.

ಈಗಷ್ಟೇ ಅವರ ಫೋನ್ ಬಂತು. "ಬಂದಿದ್ರು ರೀ, ಬಾಳ ಖುಷಿಪಟ್ರು. ನೋಡಿ ಹೇಳಿದ್ದು ಯಾರು ಅಂದ್ರು, ನಿಮ್ ಹೆಸರು ಹೇಳ್ದೆ. ತೊಗರ್ಸಿ ಬಸ್ಸು ಎಷ್ಟೊತ್ತಿಗೆ ಅಂತ ಕೇಳ್ಕಂಡು ಹೋದ್ರು."

ಸ್ವಂತ ಅಜ್ಜ ಮನೆಗೆ ಬರುತ್ತಾನೆಂದು ಬಾಗಿಲಿಗೆ ಚಿಲಕ ಹಾಕಿಕೊಂಡು ಕೂತ ಮೊಮ್ಮಗ ನಾನೊಬ್ಬನೇ ಇರಬೇಕು.