ಸೋತವರ ಮಕ್ಕಳು

ಅವರ ಬಲಗೈಯ ತೋರುಬೆರಳು ನೆಟ್ಟಗಾಗುತ್ತಿರಲಿಲ್ಲ, ಪೂರ್ತಿ ಮಡಚಲೂ ಬರುತ್ತಿರಲಿಲ್ಲ. ಪಾದ್ರಿಯಾಗಬೇಕೆಂದು ಸೆಮಿನರಿ ಸೇರಿದ್ದ ಹರೆಯದಲ್ಲಿ ವಾಲಿಬಾಲ್ ಆಡಿ ಮುರಿದುಕೊಂಡದ್ದಂತೆ. ಊರಿನ ನಾಟಿ ವೈದ್ಯರು ಕಟ್ಟಿದ ಕಟ್ಟು ಹೇಗೆ ಕೂತಿತೋ ಹಾಗೇ ಉಳಿಯಿತು. ಹೀಗಾಗಿ ಗೋಡೆಯ ಭೂಪಟದಲ್ಲಿ ಅವರು ರೋಮ್ ತೋರಿಸಿದರೆ ಬೆರಳು ಟ್ಯುನಿಸ್ ಕಡೆ ನೋಡುತ್ತಿತ್ತು. ಪರೀಕ್ಷೆಯಲ್ಲಿ ನಮ್ಮಲ್ಲಿ ಹಲವರು ರೋಮ್ ನಗರವನ್ನು ಸಮುದ್ರ ದಾಟಿಸಿ ಆಫ್ರಿಕದಲ್ಲಿ ಗುರುತು ಮಾಡಿದ್ದೆವು. ಅವರು ನಕ್ಕು, ತಪ್ಪು ನಮ್ಮದಲ್ಲ ಬೆರಳಿನದು ಎಂದು ಹೇಳಿ, ಅರ್ಧ ಮಾರ್ಕು ಕೊಟ್ಟರು.

ದುಬೈಯ ಭಾರತೀಯ ಶಾಲೆಯೊಂದರಲ್ಲಿ ಅವರು ನನಗೆ ಇತಿಹಾಸದ ಮೇಷ್ಟ್ರು. ಬಹಳ ವರ್ಷಗಳ ನಂತರ ನನ್ನ ಹೆಂಡತಿಯ ತಂದೆ. ಎರಡನೆಯ ಸಂಬಂಧ ಬೆಳೆದ ಮೇಲೂ 'ಮಾವ' ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ, ಕೊನೆಯವರೆಗೂ 'ಸರ್' ಎಂದೇ ಕರೆದೆ. ಅವರು ಮಂಗಳೂರು ಕಡೆಯ ಕಥೋಲಿಕರು. ಕ್ಲಾಸಿನಲ್ಲಿ ಇಂಗ್ಲಿಷ್, ಕಾರಿಡಾರಿನಲ್ಲಿ ನಮ್ಮಂಥ ಉಡುಪಿಯವರ ಜತೆ ತುಳು, ಮನೆಯಲ್ಲಿ ಕೊಂಕಣಿ, ಬೈಯುವುದಕ್ಕೆ ಮಾತ್ರ ಕನ್ನಡ. ಜೂನ್ ತಿಂಗಳ ಸುಡುಬಿಸಿಲಿನಲ್ಲೂ ತುಂಬುತೋಳಿನ ಅಂಗಿಯ ಗುಂಡಿ ಹಾಕಿಕೊಂಡೇ ಇರುತ್ತಿದ್ದರು. ಯಾರಾದರೂ ಪುಸ್ತಕದಲ್ಲಿ ಬರೆದದ್ದನ್ನು ಗಿಳಿಪಾಠ ಒಪ್ಪಿಸಿದರೆ, "ಗೆದ್ದವ ಬರ್ದದ್ದನ್ನು ಓದು ಮಾರಾಯ, ಆದ್ರೆ ಗೋರಿ ಯಾರದ್ದು ಅಂತ ಕೂಡ ಕೇಳು" ಎನ್ನುತ್ತಿದ್ದರು.

ಗುರುವಾರದ ಕೊನೆಯ ಪೀರಿಯಡ್ಡಿನಲ್ಲಿ ಅವರು ಸಿಲೆಬಸ್ ಮುಚ್ಚಿಡುತ್ತಿದ್ದರು. ಅಂಥ ಒಂದು ಗುರುವಾರ ನಮ್ಮ ಒಂಬತ್ತನೇ ಕ್ಲಾಸಿನಲ್ಲಿ ಫ್ರಿಜಿಡಸ್ ಎಂಬ ಹೊಳೆಯ ದಂಡೆಯ ಯುದ್ಧ ನಡೆಯಿತು. ಸಾವಿರದ ಆರುನೂರು ವರ್ಷಗಳ ಹಿಂದೆ ರೋಮ್ ಸಾಮ್ರಾಜ್ಯಕ್ಕೆ ಇಬ್ಬರು ಚಕ್ರವರ್ತಿಗಳಿದ್ದರು. ಪೂರ್ವದವನು ಕಟ್ಟಾ ಕ್ರೈಸ್ತ, ಹಳೆಯ ದೇವರುಗಳ ಗುಡಿಗಳನ್ನು ಮುಚ್ಚಿಸಿದವನು. ಪಶ್ಚಿಮದ ಸೈನ್ಯ ಆ ಹಳೆಯ ದೇವರುಗಳ ವಿಗ್ರಹಗಳನ್ನು ಬೆಟ್ಟದ ಕಣಿವೆಯಲ್ಲಿ ನಿಲ್ಲಿಸಿ ಕಾದು ಕುಳಿತಿತ್ತು. ಮೇಷ್ಟ್ರು ಕಿಟಕಿ ಕಡೆಯ ಬೆಂಚುಗಳನ್ನು ಪೂರ್ವ ಮಾಡಿದರು, ಬಾಗಿಲ ಕಡೆಯವರನ್ನು ಪಶ್ಚಿಮ ಮಾಡಿದರು. ನನ್ನನ್ನು ಪಶ್ಚಿಮದ ಚಕ್ರವರ್ತಿ ಮಾಡಿ, ನಾನು ಬೀಗುವ ಮೊದಲೇ, ಅವನೊಬ್ಬ ಬಡಪಾಯಿ ಮೇಷ್ಟ್ರು ಎಂದರು. ನಿಜವಾಗಿಯೂ ಅವನು ಪಾಠ ಹೇಳಿಕೊಂಡಿದ್ದವನು. ಒಬ್ಬ ಸೇನಾಪತಿ ತನಗೆ ಬೇಕಾದಂತೆ ಆಡಿಸಲು ಅವನನ್ನು ಸಿಂಹಾಸನದ ಮೇಲೆ ಕೂರಿಸಿದ್ದ. ಇನ್ನೂ ತಮಾಷೆಯೆಂದರೆ ಅವನೂ ಕ್ರೈಸ್ತನೇ. ಹಾಗಾದರೆ ಇದು ಎಂಥ ಧರ್ಮಯುದ್ಧ ಎಂದು ಹಿಂದಿನ ಬೆಂಚಿನ ಬ್ಯಾರಿ ಮುಸ್ಲಿಂ ಹುಡುಗ ಕೇಳಿದಾಗ ಮೇಷ್ಟ್ರ ಮುಖ ಅರಳಿತು. ಆ ಪ್ರಶ್ನೆಗೇ ಕಾಯುತ್ತಿದ್ದೆ ಎಂದರು.

ಮೊದಲ ದಿನ ಪೂರ್ವದ ಚಕ್ರವರ್ತಿ ಗೋಥರನ್ನು ಮುಂದೆ ಬಿಟ್ಟ. ಗೋಥರೆಂದರೆ ಊರು ಬಿಟ್ಟು ಹೊಟ್ಟೆಪಾಡಿಗೆ ಬಂದವರು, ಸಂಬಳಕ್ಕೆ ಬೇರೆಯವರ ನಾಡಿನಲ್ಲಿ ದುಡಿಯುವವರು. ಅವರು ರಾಶಿ ರಾಶಿ ಸತ್ತರು. ಈ ಭಾಗ ಹೇಳುವಾಗ ಮೇಷ್ಟ್ರು ಯಾರ ಮುಖವನ್ನೂ ನೋಡಲಿಲ್ಲ. ನಮ್ಮ ಕ್ಲಾಸಿನ ಕೆಲವರ ಅಪ್ಪಂದಿರು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಫ್ಯಾಕ್ಟರಿಗಳಲ್ಲಿದ್ದರು. ಎರಡನೆಯ ದಿನ ಬೆಟ್ಟದಿಂದ ಬಿರುಗಾಳಿ ಇಳಿದು ಪಶ್ಚಿಮದವರ ಮುಖಕ್ಕೆ ಹೊಡೆಯಿತು. ಅವರು ಬಿಟ್ಟ ಬಾಣ ಅವರತ್ತಲೇ ತಿರುಗಿತು ಎಂದು ಗೆದ್ದವರು ಬರೆದುಕೊಂಡರು. ನನ್ನ ಬಡಪಾಯಿ ಚಕ್ರವರ್ತಿಯ ತಲೆ ಹೋಯಿತು.

ಬೆಲ್ಲು ಹೊಡೆಯುವ ಮೊದಲು ಅವರು ಒಂದು ಪ್ರಶ್ನೆ ಹಾಕಿದರು. ಸೋತವರ ಮಕ್ಕಳು ಗೆದ್ದವನ ಕೈಗೆ ಸಿಕ್ಕಿದ್ದಾರೆ, ಏನು ಮಾಡಬೇಕು? ಹದಿನಾಲ್ಕು ವರ್ಷದವರಿಗೆ ಕರುಣೆ ಕಡಿಮೆ, ಬಹಳ ಕೈಗಳು ಕೊಲ್ಲುವುದರ ಪರವಾಗಿ ಎದ್ದವು. ಚಕ್ರವರ್ತಿ ಅವರನ್ನು ಕೊಲ್ಲಲಿಲ್ಲ, ಆಸ್ತಿ ಕಿತ್ತುಕೊಳ್ಳಲಿಲ್ಲ, ತನ್ನ ಮಕ್ಕಳ ಹಾಗೆ ನೋಡಿಕೊಂಡ ಎಂದು ಹೇಳಿ ಮೇಷ್ಟ್ರು ಡಸ್ಟರ್ ಎತ್ತಿಕೊಂಡು ಹೋದರು. ಬಸ್ಸಿನಲ್ಲಿ ಮನೆಗೆ ಹೋಗುವಾಗ ನಾನು ಅದನ್ನೇ ಯೋಚಿಸಿದೆ. ನನ್ನ ತಲೆ ತೆಗೆದವನ ಮೇಲೆ ನನಗೆ ಗೌರವ ಹುಟ್ಟಿಬಿಟ್ಟಿತ್ತು.

ಅವರ ಒಬ್ಬಳೇ ಮಗಳನ್ನು ನಾನು ಸರಿಯಾಗಿ ನೋಡಿದ್ದು ಸಿಲಿಕಾನ್ ಓಯಸಿಸ್‌ನ ಆಫೀಸಿನಲ್ಲಿ, ಇಬ್ಬರೂ ಕೆಲಸಕ್ಕೆ ಸೇರಿದ ಮೇಲೆ. ಅಷ್ಟರಲ್ಲಿ ಅವಳ ಅಮ್ಮ ತೀರಿಕೊಂಡು ಜೆಬೆಲ್ ಅಲಿಯ ಕ್ರೈಸ್ತ ಸ್ಮಶಾನದಲ್ಲಿ ಮಣ್ಣಾಗಿದ್ದರು. ಮದುವೆಯ ಮಾತು ಬಂದಾಗ ನಮ್ಮ ಮನೆಯಲ್ಲೇ ದೊಡ್ಡ ರಂಪ ಆಗುತ್ತದೆಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅಮ್ಮ ಊರಿಗೆ ಫೋನು ಮಾಡಿ, ಕುಟುಂಬದ ದೈವ ಮೈಮೇಲೆ ಬಂದು ನುಡಿಯುವ ನೇಮದಲ್ಲಿ ಅದರ ಎದುರು ಅರಿಕೆ ಮಾಡಿಸಿದರು. ಬರುವವಳು ನನ್ನ ಮಗಳೇ, ಅವಳ ಕಣ್ಣಲ್ಲಿ ನೀರು ಹಾಕಿಸಬೇಡಿ ಎಂದು ದೈವ ಅಭಯ ಕೊಟ್ಟಿತು. ನಮ್ಮ ದೈವ ಒಪ್ಪಿತು, ಇತಿಹಾಸದ ಮೇಷ್ಟ್ರು ಒಪ್ಪಲಿಲ್ಲ.

ಅವರು ಕೂಗಾಡಲಿಲ್ಲ. ಅಲ್ ಬರ್ಷಾದ ಫ್ಲ್ಯಾಟಿನಲ್ಲಿ ನನ್ನನ್ನು ಕೂರಿಸಿ, ತಾವೇ ಚಹಾ ಮಾಡಿ ಕೊಟ್ಟರು. ನನ್ನ ಮೇಲೆ ಕೋಪವಿಲ್ಲ, ಆದರೆ ಇನ್ನು ಈ ಮನೆಗೆ ಬರಬಾರದು, ಅವಳು ನಿನ್ನ ಜತೆ ಹೋದರೆ ಅವಳೂ ಬರಬಾರದು ಎಂದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಅಬುಧಾಬಿಯ ಕೋರ್ಟಿನಲ್ಲಿ ಸಿವಿಲ್ ಮದುವೆಯಾದೆವು. ಅವರು ಬರಲಿಲ್ಲ. ಅವಳು ಭಾನುವಾರಗಳಲ್ಲಿ ಚರ್ಚಿನ ಅಂಗಳದ ಇನ್ನೊಂದು ತುದಿಯಲ್ಲಿ ನಿಂತು ಅಪ್ಪನನ್ನು ನೋಡಿ ಬರುತ್ತಿದ್ದಳು. ಪಪ್ಪ ಸಣ್ಣಗಾಗಿದ್ದಾರೆ ಎಂದು ಒಮ್ಮೆ ಹೇಳಿದಳು.

ವರ್ಷಗಳು ಹೀಗೇ ಹೋದವು. ಅವಳು ಬಸುರಿಯಾದ ವರ್ಷವೇ ಅವರು ನಿವೃತ್ತರಾದರು. ಇಲ್ಲಿ ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಗಂಟುಮೂಟೆ ಕಟ್ಟಲೇಬೇಕು. ಮಗಳ ಡಿಪೆಂಡೆಂಟಾಗಿ ಅವರು ಉಳಿಯಬಹುದಿತ್ತು. ಅವಳು ಫೋನು ಮಾಡಿದರೆ ಅವರು ಎತ್ತಲಿಲ್ಲ. ಊರಿನಲ್ಲಿ ಅವರಿಗೆ ಯಾರೂ ಇರಲಿಲ್ಲ, ಹೆಂಡತಿಯ ಗೋರಿಯೂ ಇಲ್ಲಿ, ಹುಟ್ಟಲಿರುವ ಮೊಮ್ಮಗುವೂ ಇಲ್ಲಿ. ಈಗ ಹೋದರೆ ಪಪ್ಪ ಮತ್ತೆ ಸಿಗುವುದಿಲ್ಲ ಎಂದು ಅವಳು ಹೊಟ್ಟೆ ಹಿಡಿದುಕೊಂಡು ಅತ್ತಾಗ, ಬರಬೇಡ ಎಂದ ಆ ಮನೆಗೆ ನಾನು ಹೋದೆ.

ಬಾಗಿಲು ತೆರೆದವರು ಸುಮ್ಮನೆ ದಾರಿ ಬಿಟ್ಟರು. ಒಳಗೆ ಪೆಟ್ಟಿಗೆಗಳು ತುಂಬಿದ್ದವು. ಕುಳಿತುಕೊಳ್ಳಲು ಜಾಗವಿರಲಿಲ್ಲ, ನಿಂತೇ ಮಾತಾಡಿದೆ. ಇಷ್ಟು ವರ್ಷ ಎದೆಯಲ್ಲಿ ಕಟ್ಟಿಕೊಂಡದ್ದೆಲ್ಲ ಬಂತು.

"ಸರ್, ನೀವೇ ಹೇಳಿಕೊಟ್ಟದ್ದು. ಆ ಚಕ್ರವರ್ತಿ ಸೋತವರ ಮಕ್ಕಳನ್ನು ಕ್ಷಮಿಸಿದ. ನೀವು ಸ್ವಂತ ಮಗಳನ್ನು ಕ್ಷಮಿಸ್ಲಿಕ್ಕೆ ಆಗುದಿಲ್ವಾ?"

ಅವರು ಒಂದು ಪೆಟ್ಟಿಗೆಯ ಮೇಲೆ ಕುಳಿತುಕೊಂಡರು.

"ಆ ಮಕ್ಕಳು ಚರ್ಚಿನೊಳಗೆ ಓಡಿ ಅಡಗಿದ್ರು, ಮಾರಾಯ. ಅವ ಅವರನ್ನು ಮೊದ್ಲು ಕ್ರೈಸ್ತರಾಗ್ಲಿಕ್ಕೆ ಹೇಳಿದ. ಪ್ರೀತಿ ಮಾಡಿದ್ದು ಆಮೇಲೆ. ಆ ಅರ್ಧ ನಾನು ಕ್ಲಾಸಿನಲ್ಲಿ ಹೇಳ್ಲಿಲ್ಲ."

ಯಾಕೆ ಎಂದು ಕೇಳಿದೆ.

"ಕ್ಲಾಸಿನಲ್ಲಿ ನೀವೆಲ್ಲ ಕೂತಿದ್ರಲ್ಲ. ನಿಮ್ಮ ಮುಖ ನೋಡಿ ಹೇಗೆ ಹೇಳುದು?"

ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಮ್ಮ ಮುಖ ನೋಡಿ ನುಂಗಿಕೊಂಡ ಆ ಅರ್ಧವನ್ನು ಅವರು ಮನೆಗೆ ಹೊತ್ತು ತಂದು, ಒಬ್ಬರೇ ಇಟ್ಟುಕೊಂಡಿದ್ದರು. ನಾನು ಮತಾಂತರವಾಗಬೇಕೆಂದು ಅವರು ಒಮ್ಮೆಯೂ ಕೇಳಿರಲಿಲ್ಲ. ಕೇಳದೆ ಇರಲು ಅವರಿಗೆ ಗೊತ್ತಿದ್ದ ಒಂದೇ ದಾರಿ ಬಾಗಿಲು ಹಾಕಿಕೊಳ್ಳುವುದು. ಕೊನೆಗೆ ಅವರು, ನಿಮ್ಮ ಮನೆಗೆ ಬರುತ್ತೇನೆ, ಆದರೆ ಆ ಅರ್ಧವನ್ನು ಹೊರಗೆ ಬಿಟ್ಟು ಬರಲು ಆಗುತ್ತದೋ ಇಲ್ಲವೋ ಗೊತ್ತಿಲ್ಲ ಎಂದರು. ಬನ್ನಿ ಸರ್, ನೋಡುವ ಎಂದು ನಾನು ಒಂದು ಪೆಟ್ಟಿಗೆ ಎತ್ತಿಕೊಂಡೆ.

ಹೆಣ್ಣು ಮಗು ಹುಟ್ಟಿತು. ಅವಳನ್ನು ಯಾವ ವಿಧಿಗೂ ಒಪ್ಪಿಸುವುದು ಬೇಡ, ದೊಡ್ಡವಳಾಗಿ ಅವಳೇ ಆರಿಸಿಕೊಳ್ಳಲಿ ಎಂದು ನಾವಿಬ್ಬರೂ ಮೊದಲೇ ತೀರ್ಮಾನಿಸಿದ್ದೆವು. ಅವರಿಗೆ ಅದನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕೇಳಿ ತಲೆಯಾಡಿಸಿದರು, ಬಿಳಿಚಿಕೊಂಡರು. ಕ್ರೈಸ್ತರಾಗಿಸುವ ಜ್ಞಾನಸ್ನಾನದ ನೀರು ಬೀಳದ ಮಗುವಿಗೆ ಸ್ವರ್ಗದ ಬಾಗಿಲು ತೆರೆಯುವುದಿಲ್ಲ ಎಂದು ಅವರು ಸೆಮಿನರಿಯಲ್ಲಿ ಕಲಿತದ್ದು. ಎಳೆಯ ಪ್ರಾಯದ ಪಾದ್ರಿಯೊಬ್ಬರು, ದೇವರ ಕರುಣೆ ಅದಕ್ಕಿಂತ ದೊಡ್ಡದು ಎಂದು ಸಮಾಧಾನ ಹೇಳಿದರಂತೆ. ಈಗಿನ ಪಾದ್ರಿಗಳು ಒಳ್ಳೆಯವರು, ನಾನು ಹಳೆಯ ಪುಸ್ತಕ ಓದಿದವ ಎಂದು ನನ್ನ ಹತ್ತಿರ ಹೇಳಿ ನಗಲು ನೋಡಿದರು. ಅವರಿಗೆ ಎದೆಯ ತೊಂದರೆ ಆಗಲೇ ಶುರುವಾಗಿತ್ತು. ತಾನು ಹೋಗುವ ಕಡೆಗೆ ಈ ಮಗು ಎಂದೂ ಬರುವುದಿಲ್ಲ ಎಂಬುದು ಅವರಿಗೆ ಬರೀ ಮಾತಾಗಿರಲಿಲ್ಲ.

ಹೆರಿಗೆ ರಜೆ ಮುಗಿದು ನನ್ನ ಹೆಂಡತಿ ಕೆಲಸಕ್ಕೆ ಹೋಗತೊಡಗಿದಾಗ ಮಗುವನ್ನು ನೋಡಿಕೊಳ್ಳುವವರು ಅವರೇ ಆದರು. ಆ ಕೆಲಸದಲ್ಲಿ ಅವರು ನಮ್ಮಿಬ್ಬರನ್ನೂ ಮೀರಿಸಿದ್ದರು. ಬಾಟಲಿಯ ಹಾಲನ್ನು ಮಣಿಕಟ್ಟಿನ ಮೇಲೆ ಹನಿಸಿ ಬಿಸಿ ನೋಡುವರು, ಕೊಂಕಣಿಯಲ್ಲಿ ಅವಳಿಗೆ ರೋಮಿನ ಕತೆ ಹೇಳುವರು. ಒಂದು ಶುಕ್ರವಾರ ಅರ್ಧ ದಿನದ ಕೆಲಸ ಮುಗಿಸಿ ನಾನು ಬೇಗ ಬಂದೆ. ಅಡುಗೆಮನೆಯಲ್ಲಿ ನಲ್ಲಿ ಹರಿಯುತ್ತಿತ್ತು. ಬಾಗಿಲಲ್ಲೇ ನಿಂತೆ.

ಅವರು ಸಿಂಕಿನ ಮುಂದೆ ನಿಂತಿದ್ದರು. ಅಂಗಿಯಿಲ್ಲದ ಮಗು ಎಡತೋಳಿನ ಮೇಲೆ ಮಲಗಿ ಅವರನ್ನೇ ನೋಡುತ್ತಿತ್ತು. ಬಲಗೈಯಲ್ಲಿ ನೀರು ತುಂಬಿಕೊಂಡು ಅವಳ ಹಣೆಯ ಮೇಲೆ ಎತ್ತಿ ಹಿಡಿದಿದ್ದರು. ಗಂಡಾಂತರದಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ನೀರು ಮತ್ತು ಒಂದು ಸಾಲು ಪ್ರಾರ್ಥನೆ ಇದ್ದರೆ ಸಾಕು, ತನ್ನ ಕಡೆಯ ಅಜ್ಜಿಯರು ಹೀಗೆ ಕದ್ದು ಮಾಡುವುದುಂಟು ಎಂದು ಹೆಂಡತಿ ನಗುತ್ತ ಹೇಳಿದ್ದಳು. ನಾನು ಕೂಗಬೇಕಿತ್ತೇನೋ. ಕೂಗಲಿಲ್ಲ. ಅವರ ತುಟಿ ಅಲುಗಿತು, ನಿಂತಿತು. ಕೈ ಪಕ್ಕಕ್ಕೆ ಸರಿದು, ಬೆರಳು ಮುಚ್ಚದ ಅಂಗೈಯಿಂದ ನೀರೆಲ್ಲ ಸೋರಿ ಸಿಂಕಿಗೆ ಬಿತ್ತು. ಅವರು ನಲ್ಲಿ ಮುಚ್ಚಿ, ಮಗುವಿನ ಗಲ್ಲದ ಮೇಲಿದ್ದ ಕಕ್ಕಿದ ಹಾಲನ್ನು ಟವೆಲಿನಿಂದ ಒರೆಸಿದರು. ತಿರುಗಿದಾಗ ನನ್ನನ್ನು ಕಂಡರು.

"ಶಬ್ದ ಬಾಯಿವರೆಗೆ ಬಂತು, ಹೇಳ್ಲಿಲ್ಲ" ಎಂದರು.

ನಮ್ಮನ್ನು ಕೇಳಿ ಸರ್, ಬೇಡ ಅನ್ನುವುದಿಲ್ಲ ಎಂದೆ. ಮನಸಾರೆ ಹೇಳಿದೆ. ಅವರು ಮಗುವನ್ನು ನನ್ನ ಕೈಗೆ ಕೊಟ್ಟರು.

"ಗೊತ್ತುಂಟು. ನನ್ನ ಮುಖ ನೋಡಿ ಹೂಂ ಹೇಳ್ತೀರಿ ನೀವು. ಅದಕ್ಕೇ ಕೇಳುದಿಲ್ಲ. ಕದ್ದು ಮಾಡುದೂ ಇಲ್ಲ. ಖಲಾಸ್."

ಹೀಗೆ ಹೇಳಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಅಳುವುದು ಹೊರಗೆ ಕೇಳುತ್ತಿತ್ತು. ಅಷ್ಟು ದೊಡ್ಡ ಮನುಷ್ಯ ಹಾಗೆ ಅತ್ತದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಮಗುವನ್ನು ಎತ್ತಿಕೊಂಡು ಬಾಗಿಲ ಹೊರಗೆ ನಾನೂ ನಿಂತಿದ್ದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಮಗು ಹೆಜ್ಜೆ ಇಡುವ ಮೊದಲೇ ಅವರು ಹೋದರು. ಆಸ್ಪತ್ರೆಯಲ್ಲಿ ಕೊನೆಯ ಮಧ್ಯಾಹ್ನ ಅವಳನ್ನು ಹಾಸಿಗೆಯ ಮೇಲೆ ಕೂರಿಸಿದಾಗ, ಅವಳ ಪಾದವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಹೊರಡುವಾಗ ನಾಳೆ ಸಿಗುವ ಎಂದು ನಾನು ಹೇಳಿದರೆ, ಅವರು ನನಗೆ ತಲೆಯಾಡಿಸಿದರು, ಮಗುವಿಗೆ ಮಾತ್ರ ಕೈ ಬೀಸಿದರು. ಅದು ಇನ್ನೆಂದೂ ಸಿಗದವಳಿಗೆ ಕೊಡುವ ವಿದಾಯ ಎಂದು ನನಗೆ ಆಗಲೇ ಅರ್ಥವಾಯಿತು. ಜೆಬೆಲ್ ಅಲಿಯಲ್ಲಿ ಅವರ ಹೆಂಡತಿಯ ಗೋರಿಯ ಸಾಲಿನಲ್ಲೇ ಅವರನ್ನು ಮಣ್ಣು ಮಾಡಿದೆವು. ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನನ್ನ ಕ್ಲಾಸಿನ ಆ ಬ್ಯಾರಿ ಹುಡುಗನೂ ಇದ್ದ.

ಚರ್ಚಿನಲ್ಲಿ ಅವರ ತಿಂಗಳ ಪೂಜೆ ಮುಗಿಸಿ ಕಾರಿನಲ್ಲಿ ಬರುವಾಗ ನಾನೇ ಮಾತು ತೆಗೆದೆ. ಮಗುವಿಗೆ ಈಗಲಾದರೂ ಜ್ಞಾನಸ್ನಾನ ಮಾಡಿಸುವ, ಸರ್‌ಗೆ ಅಷ್ಟಾದರೂ ಕೊಡುವ ಎಂದೆ. ಹೆಂಡತಿ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ ಮಗಳನ್ನು ತಿರುಗಿ ನೋಡಿದಳು.

"ಬೇಡ. ಪಪ್ಪ ಅದನ್ನು ಇವಳಿಗೆ ಬಿಟ್ಟು ಹೋಗಿದ್ದಾರೆ. ನಾವು ಮುಟ್ಟುದು ಬೇಡ."

ಅವಳು ಹೇಳಿದ್ದು ಸರಿ. ಹಾಗಾಗಿ ಸಾಲ ನನ್ನ ತಲೆಯ ಮೇಲೆ ಹಾಗೇ ಉಳಿದಿದೆ. ಬೇರೆಯವರು ನನಗಾಗಿ ಹಣ, ಸಮಯ, ನಿದ್ದೆ ಬಿಟ್ಟುಕೊಟ್ಟಿದ್ದಾರೆ. ಇವರು, ತಾವು ನಂಬಿದ ಪ್ರಕಾರ, ಮೊಮ್ಮಗಳನ್ನು ಮತ್ತೆ ನೋಡುವ ಆಸೆಯನ್ನೇ ಬಿಟ್ಟುಕೊಟ್ಟು ಹೋದರು. ನನಗೆ ಯಾವ ದೇವರ ಹತ್ತಿರವೂ ಅಂಥ ಸಲಿಗೆಯಿಲ್ಲ. ಆದರೂ ಊರಿನ ದೈವವನ್ನು, ಅವರ ಯೇಸುವನ್ನು, ಕೇಳಿಸಿಕೊಳ್ಳುವವರು ಯಾರಿದ್ದರೂ ಅವರನ್ನು ನಾನು ಬೇಡುವುದು ಇಷ್ಟೇ. ಒಂಬತ್ತನೇ ಕ್ಲಾಸಿನಿಂದ ಇವತ್ತಿನವರೆಗೆ ಅವರು ಹೇಳಿದ್ದೆಲ್ಲ ಸರಿ ಎಂದು ನಂಬಿದವನು ನಾನು. ಈ ಒಂದು ವಿಷಯದಲ್ಲಿ ಮಾತ್ರ ನನ್ನ ಮೇಷ್ಟ್ರ ಮಾತು ತಪ್ಪಾಗಿರಲಿ.