ರಾಕಿ ರಿಜ್ ದಿಬ್ಬಕ್ಕೆ ಬರಬೇಡ ಎನ್ನಿಸಿಕೊಂಡವಳು

ನಮ್ಮ ಆಫ್ಟನ್ ಊರಿನ ಆರ್ವಲ್ ಸ್ಟಕಿ ಹಾಲಿನ ಲಾರಿ ಓಡಿಸುತ್ತಿದ್ದ. ಬೇಸಿಗೆ ಬಂತೆಂದರೆ ಬೇರೆಯೇ ಮನುಷ್ಯ. ಚರ್ಚಿನ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಸ್ವೀಟ್‌ವಾಟರ್ ಹೊಳೆಯ ಕಡೆ, ರಾಕಿ ರಿಜ್ ದಿಬ್ಬಕ್ಕೆ ಹೊರಟುಬಿಡುತ್ತಿದ್ದ. ನಮ್ಮ ಮಾರ್ಮನ್ ಕ್ರೈಸ್ತ ಪಂಥದ ಹಿರಿಯರು ಹಿಂದೆ ನಂಬಿಕೆಗಾಗಿ ಊರು ಬಿಟ್ಟು, ಹಿಮದಲ್ಲಿ ಕೈಗಾಡಿ ಎಳೆಯುತ್ತ ಹತ್ತಿದ ದಿಬ್ಬ ಅದು. ಎಷ್ಟೋ ಜನ ಆ ದಾರಿಯಲ್ಲೇ ಮಣ್ಣಾದರು. ಅವರ ನೆನಪಿಗೆ ಮಕ್ಕಳೂ ಹಾಗೆಯೇ ಕೈಗಾಡಿ ಎಳೆದು ಹತ್ತುತ್ತಿದ್ದರು; ಆರ್ವಲ್‌ನ ಗೆಳೆಯನಾದ ನಾನೂ ಜೊತೆಗಿರುತ್ತಿದ್ದೆ. ಆರ್ವಲ್‌ನ ಮುತ್ತಜ್ಜಿ ಮಾರೆನ್ ಇನ್ನೂ ಸಣ್ಣ ಹುಡುಗಿ, ಕಾಯಿಲೆಯ ತಾಯಿಯನ್ನು ಗಾಡಿಯಲ್ಲಿ ಕೂರಿಸಿ ಎಳೆದಿದ್ದಳಂತೆ. ದಿಬ್ಬದ ಬುಡದಲ್ಲಿ ನಿಂತು ಮಕ್ಕಳಿಗೆ ಅದನ್ನು ಹೇಳುವಾಗ ಪ್ರತಿಸಲವೂ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿಯುತ್ತಿದ್ದ.

ಅವನ ಮಗಳು ಜನೀಲ್ ಚಿಕ್ಕಂದಿನಲ್ಲಿ ಗಾಡಿ ಎಳೆಯಲು ಎಲ್ಲರಿಗಿಂತ ಮುಂದು. ಬೆಳೆದ ಮೇಲೆ ಚರ್ಚು ಬಿಟ್ಟಳು. ಆರ್ವಲ್ ಕೂಗಾಡಲಿಲ್ಲ, ಮಾತು ಕಡಿಮೆ ಮಾಡಿದ. ಒಂದು ಜೂನ್‌ನಲ್ಲಿ ನಾವು ಗಾಡಿಗಳಿಗೆ ಹಿಟ್ಟಿನ ಮೂಟೆ ಹೇರುತ್ತಿದ್ದಾಗ ಅವಳು ಬಂದು ನಿಂತಳು.

"ಅಪ್ಪಾ, ನಾನೂ ಬರ್ತೀನಿ."

"ನಿಂಗೇನ್ ಕೆಲ್ಸ ಅಲ್ಲಿ? ನಂಬಿಕೆ ಇಲ್ದೋರಿಗೆ ಅದು ಬರೀ ಕಲ್ಲುಗುಡ್ಡ."

"ಮಾರೆನ್ ನಂಗೂ ಅಜ್ಜೀನೇ ಅಲ್ವಾ?"

"ಅವ್ಳು ಯಾವುದಕ್ಕೋಸ್ಕರ ನಡೆದ್ಲೋ ಅದನ್ನೇ ಬಿಸಾಕಿದೀಯ. ಈ ಮಕ್ಕಳ ಮುಂದೆ ನಿನ್ನನ್ನ ಹೇಗೆ ನಿಲ್ಲಿಸ್ಲಿ?"

"ಬರ್ಲಿ ಬಿಡೋ ಮಾರಾಯ," ಎಂದೆ ನಾನು. ಅವನು ತಲೆಯೆತ್ತದೆ ಹಗ್ಗ ಬಿಗಿಯುತ್ತಲೇ ಇದ್ದ. ಜನೀಲ್ ಹೊರಟುಹೋದಳು.

ವರ್ಷಗಳು ಕಳೆದವು. ಆರ್ವಲ್‌ನ ಮಂಡಿ ಸೋತಿತು. ದಿಬ್ಬ ಹತ್ತುವುದು ಇದೇ ಕೊನೆ ಎಂದುಕೊಂಡ ವರ್ಷ, ಪೊಕಟೆಲೊ ಪಟ್ಟಣದಲ್ಲಿದ್ದ ಮಗಳ ಮನೆಗೆ ನನ್ನನ್ನೂ ಎಳೆದುಕೊಂಡು ಹೋದ. ಅವಳು ಬಿಸಿಬಿಸಿ ಪೀಚ್ ಹಣ್ಣಿನ ಕಡುಬು ಬಡಿಸಿದಳು, ನಗುನಗುತ್ತ ಮಾತಾಡಿದಳು. ಇವನು ಚಮಚ ಕೆಳಗಿಟ್ಟ.

"ತಪ್ಪಾಯ್ತು ಮಗಳೇ. ಈ ಸಲ ನನ್ನ ಜೊತೆ ಬಾ."

ಅವಳು ಅವನ ತಟ್ಟೆಗೆ ಇನ್ನಷ್ಟು ಕಡುಬು ಹಾಕಿದಳು. "ಕೋಪ ಯಾವತ್ತೋ ಹೋಯ್ತಪ್ಪಾ. ಆದ್ರೆ ದಿಬ್ಬಕ್ಕೆ ಬರೋ ಆಸೇನೂ ಅದ್ರ ಜೊತೆ ಹೋಗ್ಬಿಡ್ತು. ನಿನ್ನ ಸಮಾಧಾನಕ್ಕೆ ಬೇಕಾದ್ರೆ ಬರ್ಲಾ?"

"ಬೇಡ," ಎಂದ ಆರ್ವಲ್. "ಹಾಗೆ ಬೇಡ."

ಆ ಬೇಸಿಗೆ ಅವನು ದಿಬ್ಬ ಹತ್ತಲೇ ಇಲ್ಲ. ಕೆಳಗೆ, ಕುರುಚಲು ಗಿಡಗಳ ನಡುವೆ ಕುರ್ಚಿ ಹಾಕಿಕೊಂಡು ಕೂತ. ಮಕ್ಕಳಿಗೆ ಮಾರೆನ್ ಕತೆ ನಾನೇ ಹೇಳಬೇಕಾಯಿತು. ಅವನಷ್ಟು ಚೆನ್ನಾಗಿ ನನಗೆ ಬರಲಿಲ್ಲ.

ಈಗಲೂ ಆಗಾಗ ಅವನನ್ನು ಪೊಕಟೆಲೊಗೆ ಕರೆದೊಯ್ಯುತ್ತೇನೆ. ಅಪ್ಪ ಮಗಳು ಹವೆ, ಅಡುಗೆ, ಅಕ್ಕಪಕ್ಕದವರ ನಾಯಿ ಎಲ್ಲ ಮಾತಾಡುತ್ತಾರೆ. ದಿಬ್ಬದ ಸುದ್ದಿ ಇಬ್ಬರೂ ಎತ್ತುವುದಿಲ್ಲ. ಮೊನ್ನೆ ವಾಪಸು ಬರುವಾಗ ಕಿಟಕಿಯಾಚೆ ನೋಡುತ್ತ ಅಂದ: "ಎಷ್ಟು ಚೆನ್ನಾಗಿ ನೋಡ್ಕೋತಾಳೆ ಕಣೋ ನನ್ನ. ಒಂದ್ಸಲ ಬೈದಿದ್ರೆ ಎಷ್ಟೋ ವಾಸಿ ಇತ್ತು."